ಗೇಟಿನ ಹೊರಗೆ ಆಡಿದ ನಾಟಕ

"ಅಳೇ ಮುಂಡೆ. ಮನೆ ಕಳಕೊಂಡೋಳ ಥರ ಅಳು ಅಂದ್ರೆ ಹಲ್ಲುನೋವು ಬಂದೋಳ ಥರ ಮುಖ ಮಾಡ್ತಾಳೆ."

ಶೆಡ್ಡಿನ ಮೇಸ್ತ್ರಿ ಇಷ್ಟು ಹೇಳಿ ಪಕ್ಕಕ್ಕೆ ಉಗುಳಿದ. ಅವನಿಗೂ ನಾಟಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸಿಗಡಿ ಸುಲಿಯುವ ಹೆಂಗಸರು ತಾಲೀಮಿಗೆಂದು ಕೆಲಸ ಬಿಟ್ಟು ಎದ್ದರೆ ಅವರ ಮೇಲೆ ಕಣ್ಣಿಡಲಿ ಎಂದು ಧಣಿ ಅವನನ್ನು ಕಳಿಸಿದ್ದ. ಬಂದವನು ಬಿಟ್ಟಿ ನಿರ್ದೇಶಕನೇ ಆಗಿಬಿಟ್ಟಿದ್ದ.

ಬೈಸಿಕೊಂಡವಳು ಉದ್ದಕ್ಕ. ಕಡಲ ದಂಡೆಯ ಸಾಲುಮನೆಯ ಗಂಡಸರಿಗಿಂತಲೂ ಒಂದು ಗೇಣು ಎತ್ತರ ಇದ್ದದ್ದರಿಂದ ಆ ಹೆಸರು.

"ಮನೆ ಹೋದಾಗ ನಾನು ಅಳಲಿಲ್ಲ ಮೇಸ್ತ್ರಿ," ಅಂದಳು. "ಪುರುಸೊತ್ತಿರಲಿಲ್ಲ."

ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕೈಗಳೆಲ್ಲ ಮಂಜುಗಡ್ಡೆಯ ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು.

ನಾಟಕ ಆಡಿಸಲು ಬಂದಿದ್ದ ಮೇಡಂ ಪಟ್ಟಣದವಳು. ಸಮುದ್ರ ಏರುತ್ತಿರುವುದನ್ನು ದಂಡೆಯ ಹೆಂಗಸರೇ ಆಡಿ ತೋರಿಸಬೇಕು ಎಂದು ಮೊದಲ ದಿನ ಹೇಳಿದಾಗ ಇವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಆದರೆ ಆಕೆ ಎಲ್ಲರನ್ನೂ ಸುತ್ತ ಕೂರಿಸಿ, ನಿಮಗೇನಾಯಿತು ಹೇಳಿ ಅಂದಳು. ಹಾಗೆ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಒಬ್ಬಳು ಬಾವಿ ಉಪ್ಪಾದದ್ದನ್ನು ಹೇಳಿದಳು. ಇನ್ನೊಬ್ಬಳು ಮೀನು ದೂರ ಸರಿದು ಗಂಡ ಬಲೆ ಮಾರಿದ್ದನ್ನು, ಮತ್ತೊಬ್ಬಳು ಬಿಸಿಲ ಝಳಕ್ಕೆ ಶೆಡ್ಡಿನೊಳಗೆ ಬವಳಿ ಬಂದು ಬಿದ್ದು ಹೊಟ್ಟೆಯ ಕೂಸನ್ನು ಕಳೆದುಕೊಂಡದ್ದನ್ನು ಹೇಳಿದಳು.

ಉದ್ದಕ್ಕ ತನ್ನ ಸರದಿ ಬಂದಾಗ ಅತ್ತೆಯ ಕಥೆ ಹೇಳಿದಳು. ನೀರು ಸಾಲುಮನೆಗೆ ನುಗ್ಗಿದ ಮಧ್ಯಾಹ್ನ, ಕಾಲಿನ ಸ್ವಾಧೀನ ತಪ್ಪಿದ್ದ ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು ಅವಳು ಶೆಡ್ಡಿನ ಕಡೆ ಓಡಿದ್ದಳು. ದಂಡೆಯಲ್ಲಿ ಎತ್ತರದ ಜಾಗ ಅದೊಂದೇ. ಗೇಟಿಗೆ ಸರಪಳಿ ಬಿದ್ದಿತ್ತು. ಸಾಲುಮನೆಯವರೆಲ್ಲ ಗೇಟು ಬಡಿದರು. ಒಳಗೆ ಜಗಲಿಯ ಮೇಲೆ ನಿಂತಿದ್ದ ಧಣಿ, ಮಾಲು ಹಾಳಾಗುತ್ತದೆ, ತೆಗೆಯಬೇಡ ಎಂದು ಮೇಸ್ತ್ರಿಗೆ ಹೇಳಿದ್ದು ಹೊರಗಿದ್ದವರಿಗೆಲ್ಲ ಕೇಳಿಸಿತು. ಕತ್ತು ತಬ್ಬಿಕೊಂಡಿದ್ದ ಅತ್ತೆಯ ಕೈ ಸಡಿಲವಾದದ್ದು ಆಮೇಲೆ.

ಅವಳು ಹೇಳಿ ಮುಗಿಸುವಷ್ಟರಲ್ಲಿ ಉಳಿದವರೂ ಶುರುಮಾಡಿದರು. ಅವತ್ತು ಅಲ್ಲಿದ್ದವರೇ ಎಲ್ಲರೂ. ದಿನಾ ಬೆಳಗ್ಗೆ ಅದೇ ಗೇಟು ದಾಟಿ ಕೆಲಸಕ್ಕೆ ಬರಬೇಕಾದ್ದರಿಂದ ತಮ್ಮತಮ್ಮೊಳಗೂ ಆ ಮಾತು ಎತ್ತಿರಲಿಲ್ಲ. ಮೇಡಂ ಕಣ್ಣೊರೆಸಿಕೊಂಡು, ಇದೇ ನಮ್ಮ ನಾಟಕ ಅಂದಳು.

ಧಣಿ ತಾಲೀಮು ನೋಡಲು ಬಂದದ್ದು ಆಮೇಲೆ. ಗೇಟಿನ ದೃಶ್ಯದ ತನಕ ಸುಮ್ಮನೆ ಕೂತಿದ್ದ.

"ಸಮುದ್ರ ಉಕ್ಕಿದ್ರೆ ನಾನೇನೇ ಮಾಡ್ಲಿ? ನಾನೇನು ಉಚ್ಚೆ ಹೊಯ್ದು ತುಂಬಿಸಿದ್ನಾ?" ಎಂದು ಉದ್ದಕ್ಕನನ್ನೇ ಕೇಳಿದ. "ನನ್ನ ಅನ್ನ ತಿಂದು ನನ್ನ ಅಂಗಳದಲ್ಲೇ ನನ್ನ ಮಾನ ಕಳೀತೀರಾ, ನಾಯಿಗಳಾ?"

ಆಮೇಲೆ ತಾನೇ ಕಥೆ ತಿದ್ದಿದ. ಗೇಟು ತೆರೆಯುತ್ತದೆ, ಧಣಿ ಕಂಬಳಿ ಹೊದಿಸುತ್ತಾನೆ, ಮುದುಕಿ ಬದುಕುತ್ತಾಳೆ, ಸೊಸೆ ಧಣಿಯ ಕಾಲು ಹಿಡಿಯುತ್ತಾಳೆ. ಧಣಿಯ ಪಾತ್ರ ಖುದ್ದು ಧಣಿಯದೇ. ಈಗಲೇ ಹಿಡಿದು ತೋರಿಸು ಅಂದ. ಉದ್ದಕ್ಕ ಬಗ್ಗಿದಳು. ಸರಿಯಾಗಲಿಲ್ಲ ಎಂದು ಮತ್ತೆ ಮತ್ತೆ ಬಗ್ಗಿಸಿದ. ಚಪ್ಪಲಿಗೆ ಮೆತ್ತಿದ್ದ ಸಿಗಡಿ ಸಿಪ್ಪೆಯನ್ನು ಹಾಗೇ ಕೈಯಲ್ಲಿ ಒರೆಸು ಅಂದ. ಒರೆಸಿದಳು.

ಮೇಡಂ ಆಮೇಲೆ ಅವಳನ್ನು ನೀರಿನ ಟ್ಯಾಂಕಿನ ಹಿಂದೆ ಕರೆದು ಸಮಾಧಾನ ಹೇಳಿದಳು. ಧಣಿ ಬೇಡ ಅಂದರೆ ನಾಟಕವೇ ಇಲ್ಲ, ನಾಲ್ಕು ಜನಕ್ಕೆ ಸಮುದ್ರದ ವಿಷಯವಾದರೂ ಮುಟ್ಟಲಿ ಅಂದಳು. "ಮುಖ್ಯ ಸಮುದ್ರ ಅಲ್ವಾ ಅಕ್ಕಾ?"

"ಸಮುದ್ರಕ್ಕೆ ಸರಪಳಿ ಹಾಕೋಕೆ ಬರಲ್ಲ ಮೇಡಂ," ಅಂದಳು ಉದ್ದಕ್ಕ.

ನಾಟಕದ ದಿನ ಅಂಗಳದ ತುಂಬ ಕುರ್ಚಿ. ಮಾಲು ಕೊಳ್ಳುವವರು, ಅಧಿಕಾರಿಗಳು, ಕ್ಯಾಮೆರಾದವರು ಒಳಗೆ ನೆರಳಲ್ಲಿ ಕೂತಿದ್ದರು. ಹೆಂಗಸರು ಹೊರಗಿನಿಂದ, ದಂಡೆಯ ಕಡೆಯಿಂದ ಬರಬೇಕಿತ್ತು. ಅತ್ತೆಯ ಪಾತ್ರ ಅವರಲ್ಲೇ ಗಿಡ್ಡಗಿದ್ದು ಕುಳ್ಳಿ ಎಂದು ಕರೆಸಿಕೊಳ್ಳುತ್ತಿದ್ದವಳದು, ಹೊರಲು ಹಗುರ ಎಂದು. ಹಿಂದೆ ಉಳಿದವರು ನೀಲಿ ಬಟ್ಟೆಯ ಉದ್ದನೆಯ ಅಲೆ ಹಿಡಿದು ಓಡಿಬಂದರು. ಉದ್ದಕ್ಕ ಗೇಟು ಬಡಿದಳು.

ಧಣಿ ಸರಪಳಿ ಬಿಚ್ಚಿ, ನಗುತ್ತ ಗೇಟನ್ನು ಹೊರಕ್ಕೆ ತೆರೆದ. ಕಂಬಳಿ ಚಾಚುತ್ತ ಅವಳಿಗಷ್ಟೇ ಕೇಳುವಂತೆ ಅಂದ: "ಬೇಗ ಕಾಲು ಹಿಡಿ, ಫೋಟೋ ಬೀಳ್ಲಿ. ಆ ಮುದಿ ಹೆಣ ಬದುಕಿದ್ದಿದ್ರೂ ಎಷ್ಟು ದಿನ ಹೇಲು ಬಾಚ್ತಿದ್ದೆ ನೀನು?"

ಉದ್ದಕ್ಕ ಬಗ್ಗಲಿಲ್ಲ. ಬೆನ್ನ ಮೇಲಿದ್ದ ಕುಳ್ಳಿಗೂ ಆ ಮಾತು ಕೇಳಿಸಿತ್ತು. ಅವಳ ತೋಳು ಉದ್ದಕ್ಕನ ಕತ್ತಿನ ಸುತ್ತ ಬಿಗಿಯಾಯಿತು. ಉದ್ದಕ್ಕ ಅವಳನ್ನು ಮೆಲ್ಲಗೆ ಮಣ್ಣಿನ ಮೇಲೆ ಮಲಗಿಸಿದಳು. ಆಮೇಲೆ ತೆರೆದಿದ್ದ ಗೇಟನ್ನು ಎರಡೂ ಕೈಯಿಂದ ತಳ್ಳಿ ಮುಚ್ಚಿದಳು. ಅದರ ಹೊಡೆತಕ್ಕೆ ಧಣಿ ಕಂಬಳಿ ಸಮೇತ ಒಳಗೆ ಮುಗ್ಗರಿಸಿದ. ನೀಲಿ ಬಟ್ಟೆಯನ್ನು ಸೆಳೆದು ಗೇಟಿನ ಸಲಾಕೆಗಳ ನಡುವೆ ತೂರಿಸಿ ಗಂಟು ಹಾಕಿದಳು. ಯಾರೂ ಹೇಳದೆಯೇ ಉಳಿದ ಹೆಂಗಸರೂ ಬಂದು ಗಂಟಿನ ಮೇಲೆ ಗಂಟು ಬಿಗಿದರು.

"ಅವತ್ತು ಮುಚ್ಚಿತ್ತು," ಎಂದು ಉದ್ದಕ್ಕ ಕುರ್ಚಿಗಳಲ್ಲಿ ಕೂತವರಿಗೆಲ್ಲ ಕೇಳುವಂತೆ ಹೇಳಿದಳು. "ಇವರು ಒಳಗಿದ್ರು. ನಾವು ಹೊರಗಿದ್ವಿ."

ಯಾರೋ ಒಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಧಣಿ ಬೋಳಿಮಕ್ಕಳಾ ಎಂದು ಅರಚುತ್ತಿದ್ದ. ಮೇಸ್ತ್ರಿ ಎಲ್ಲಿಂದಲೋ ಕೋಲು ತಂದು ಸಲಾಕೆ ಹಿಡಿದಿದ್ದ ಬೆರಳುಗಳ ಮೇಲೆ ಬೀಸತೊಡಗಿದ. ಇಬ್ಬರು ಕೈ ಬಿಟ್ಟರು. ಒಬ್ಬಳು ನೋವಿಗೆ ಕೂತುಬಿಟ್ಟಳು, ಮತ್ತೆ ಎದ್ದು ಹಿಡಿದಳು. ಉದ್ದಕ್ಕನ ಗೆಣ್ಣು ಒಡೆದು ನೀಲಿ ಬಟ್ಟೆ ಕಪ್ಪಾಗತೊಡಗಿತು.

ಕಾಲ ಬಳಿ ಮಲಗಿದ್ದ ಕುಳ್ಳಿ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು: "ಅಕ್ಕಾ, ನಾನು ಏಳ್ಲಾ?"

"ಬೇಡ, ಮಲ್ಕೊ," ಅಂದಳು ಉದ್ದಕ್ಕ. "ಅತ್ತೆ ನೀರು ಇಳಿಯೋ ತನಕ ಇಲ್ಲೇ ಬಿದ್ದಿದ್ರು."

ಕೋಲು ಮತ್ತೆ ಮೇಲೆದ್ದಿತು.