ಏಳು ಗುಂಡಿಗೆ ಒಂದೇ ಕಲ್ಲು

ಹೊನ್ನೂರಪ್ಪ ಕಾಕಾನ ಕಲ್ಲುಗಳು ಈಗಲೂ ನನ್ನ ಕಣ್ಣ ಮುಂದಿವೆ. ಊರಿನ ಏಳು ಓಣಿಗೆ ಏಳು ವಾಲ್ವ್ ಗುಂಡಿ. ಪ್ರತಿ ಗುಂಡಿಯ ಪಕ್ಕ ಗೇಣುದ್ದದ ಒಂದೊಂದು ಕಲ್ಲು. ನೀರುಗಂಟಿ ಹೊನ್ನೂರಪ್ಪ ನೀರು ಬಿಟ್ಟಾಗ ಆ ಕಲ್ಲನ್ನು ನಿಲ್ಲಿಸುತ್ತಿದ್ದ, ಕಟ್ಟಿದಾಗ ಮಲಗಿಸುತ್ತಿದ್ದ. ಕೊಡ ಹಿಡಿದ ಹೆಂಗಸರು ದೂರದಿಂದಲೇ ಕಲ್ಲು ನೋಡಿ ಮುಂದೆ ಹೆಜ್ಜೆ ಇಡುತ್ತಿದ್ದರು.

ಆ ಕಲ್ಲುಗಳ ಬದಲಿಗೆ ಪುರಸಭೆಗೆ ವೆಬ್ ಪುಟ ಮಾಡಿಕೊಟ್ಟವನು ನಾನು. ಪುಟದಲ್ಲಿ ಓಣಿಗೊಂದು ಚೌಕ. ಕಾಕಾ ವಾಲ್ವ್ ತಿರುಗಿಸಿ ಮೊಬೈಲಿನಲ್ಲಿ ಬಟನ್ ಒತ್ತಿದರೆ ಆ ಓಣಿಯ ಚೌಕ ಹಸಿರಾಗಬೇಕು. ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ನೆನಪಿಟ್ಟುಕೊಳ್ಳುವ ಹತ್ತು ಸಾಲಿನ ಕೋಡ್ ನನ್ನ ಬಳಿ ಮೊದಲೇ ಇತ್ತು. ಒಮ್ಮೆ ಬರೆದದ್ದನ್ನೇ ಎಲ್ಲ ಪುಟಗಳಿಗೂ ಹೂಡುತ್ತಿದ್ದೆ. ಅದರ ಮೇಲೆ ನನಗೆ ಒಳ್ಳೆಯ ಜೋಡೆತ್ತು ಕಟ್ಟಿದವನ ಹೆಮ್ಮೆ.

ಪುಟ ಶುರುವಾದ ಮೂರನೇ ದಿನವೇ, ಹಸಿರು ಚೌಕ ನಂಬಿ ಹೋಗಿ ನೀರು ಸಿಗದ ಮೂರನೇ ಓಣಿಯ ಹೆಂಗಸರು ಖಾಲಿ ಕೊಡಗಳನ್ನು ತಂದು ಪುರಸಭೆಯ ಅಂಗಳದಲ್ಲಿ ಕುಕ್ಕಿದರು. ಮುಖ್ಯಾಧಿಕಾರಿ ಅವರೆದುರಿಗೇ ಕಾಕಾನನ್ನೂ ನನ್ನನ್ನೂ ಕರೆಸಿದರು. ಪರದೆಯ ಮೇಲೆ ಏಳೂ ಚೌಕ ಹಸಿರಾಗಿದ್ದವು.

"ಮನ್ಯಾಗ ಕುಂತು ಏಳೂ ಬಟನ್ ಒತ್ತೀಯೇನಲೇ?" ಎಂದು ಅಧಿಕಾರಿ ಕಾಕಾನನ್ನು ಗದರಿದರು.

"ನಾ ಒತ್ತಿದ್ದು ಒಂದನೇ ಓಣೀದು ಒಂದ ರೀ ಸಾಹೇಬ್ರ," ಎಂದ ಕಾಕಾ. "ಬೇಕಾದ್ರ ಕಲ್ಲು ನೋಡ್ರಿ, ಒಂದ ನಿಂತೈತಿ."

"ಕಲ್ಲು ನೋಡೋ ಕಾಲ ಹೋತು." ಅಧಿಕಾರಿ ನನ್ನತ್ತ ತಿರುಗಿದರು. "ನಿಮ್ಮ ಪುಟ ತಪ್ಪು ತೋರಸ್ತೈತೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಈ ಕೋಡ್ ಹನ್ನೊಂದು ಪುಟದಾಗ ನಡದೈತಿ ಸರ್. ಒತ್ತಾಕ ಬರದವರಿಗೆ ನಾ ಏನ್ ಮಾಡ್ಲಿ?"

ಅಂದೇ ಕಾಕಾನ ಹೆಗಲ ಮೇಲಿನ ವಾಲ್ವ್ ಚಾವಿ ಇಳಿಸಿಕೊಂಡು ಮನೆಗೆ ಕಳಿಸಿದರು.

ಅವನದೇ ತಪ್ಪೆಂದು ತೋರಿಸುವ ಹಟದಿಂದ ಮರುದಿನ ಕೋಡ್ ತೆಗೆದೆ. ಆ ಹನ್ನೊಂದು ಪುಟಗಳಲ್ಲಿ ಇದ್ದದ್ದು ತಲಾ ಒಂದೇ ಬಟನ್. ಇಲ್ಲಿ ಏಳು. ತೆರೆದಿದೆಯೋ ಮುಚ್ಚಿದೆಯೋ ಎಂದು ಚೌಕಕ್ಕೊಂದರಂತೆ ಇರಬೇಕಾದ ಗುರುತನ್ನು ನಾನು ಎಲ್ಲದರ ಹೊರಗೆ, ಒಂದೇ ಕಡೆ ಇಟ್ಟಿದ್ದೆ. ಏಳೂ ಚೌಕಗಳು ಅದೊಂದನ್ನೇ ನೋಡಿ ಬಣ್ಣ ಬದಲಿಸುತ್ತಿದ್ದವು.

ತಪ್ಪು ನನ್ನದೆಂದು ಹೇಳಲು ಅಧಿಕಾರಿಯ ಬಳಿ ಓಡಿದೆ. "ಅವನ್ನ ತಗದ ಆದೇಶ ಹೋಗಿ ಆತು. ಸುಮ್ಮನ ಸರಿ ಮಾಡ್ರಿ. ನಿಮ್ಮ ಹೆಸರೂ ಉಳೀತೈತಿ, ನಂದೂ," ಎಂದರು. ಮೇಜು ಗುದ್ದಿ ಕೂಗಾಡಿದೆ. ಅವರು ಆದೇಶದ ಪ್ರತಿಯನ್ನು ನನ್ನ ಮುಂದೆ ಸರಿಸಿದರು. 'ಬಟನ್ ಒತ್ತಲೂ ಬಾರದವನು' ಎಂದಿತ್ತು. ನನ್ನದೇ ಮಾತು.

ಕಾಕಾ ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಎಲ್ಲ ಹೇಳಿದೆ.

"ಏಳು ಗುಂಡಿಗೆ ಒಂದ ಕಲ್ಲು ಇಟ್ಟಿದ್ದೇನೋ ತಮ್ಮಾ?"

"ಹೂಂ ಕಾಕಾ."

"ನನ್ನ ಮೊಮ್ಮಗಳು ಸೈತ ಹಂಗ ಇಡಂಗಿಲ್ಲ." ಅವನ ಕೈಯಲ್ಲಿನ ಹಗ್ಗ ಬಿಗಿಯಿತು. "ಅವತ್ತು ಅಷ್ಟು ಮಂದಿ ಮುಂದ ನನ್ನ ಕಳ್ಳನ ಮಾಡ್ದಿ. ಇವತ್ತು ಒಬ್ಬನ ಬಂದು ನನ್ನ ಕಿವ್ಯಾಗ ಹೇಳ್ತಿ. ಎದ್ದು ಹೋಗು."

ಎದ್ದು ಬಂದೆ. ಪುಟ ಸರಿಹೋಯಿತು, ಕಾಕಾನ ಜಾಗಕ್ಕೆ ಬಂದವನು ಬಟನ್ ಒತ್ತಿದಂತೆ ಒಂದೊಂದು ಚೌಕವೂ ತನ್ನ ಪಾಡಿಗೆ ತಾನು ಹಸಿರಾಗತೊಡಗಿತು. ಮೂರನೇ ಓಣಿಯಲ್ಲಿ ನಿಂತು ಕಿವಿಗೊಟ್ಟೆ. ಗುಂಡಿಯೊಳಗೆ ನೀರು ಭರ್ರನೆ ಹರಿಯುತ್ತಿತ್ತು. ಪಕ್ಕದ ಕಲ್ಲು ಮಲಗಿಯೇ ಇತ್ತು. ಎತ್ತಿ ನಿಲ್ಲಿಸಲು ಬಾಗಿದವನು, ಅದು ಕಾಕಾನ ಕಲ್ಲೆಂದು ಕೈ ಹಿಂತೆಗೆದೆ.