ಶಾರದಾ ಕಾಕುವಿನ ಕೊಳ, ಗ್ರಹಣದ ನೀರು

ಮೊಣಕಾಲು ನೋವು ಯಾರ ಮನೆಯಲ್ಲಿಲ್ಲ ಹೇಳಿ. ಕೂತವರು ಏಳುವಾಗ ಗೋಡೆ ಹಿಡಿಯುತ್ತಾರೆ, ನಿಂತವರು ಕೂರುವಾಗ ದೇವರನ್ನು ನೆನೆಯುತ್ತಾರೆ. ಹೈದರಾಬಾದಿನ ಕುಷಾಯಿಗೂಡದಲ್ಲಿ ನಮ್ಮ ಪಕ್ಕದ ಮನೆಯ ಶಾರದಾಬಾಯಿಯವರ ಪಾಡೂ ಅದೇ ಆಗಿತ್ತು. ನಮಗೆ ಅವರು ಕಾಕು. ಅವರ ಯಜಮಾನರು ಹಣಮಂತರಾಯರು ನಮಗೆ ಕಾಕಾ. ಗುಲಬರ್ಗಾ ಕಡೆಯವರು. ಕಾಕಾ ಇಲ್ಲಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು.

ಸಂಜೆ ಕಾಲೊನಿಯ ಹೆಂಗಸರು ವಾಕಿಂಗಿಗೆ ಹೊರಟರೆ ಕಾಕು ಗೇಟಿನ ತನಕ ಬರುತ್ತಿದ್ದರು. "ಹೋಗಿ ಬರ್ರಿ, ನಾ ಗೇಟ್ ಕಾಯ್ತೀನಿ" ಎಂದು ನಗುತ್ತಿದ್ದರು. ಎಲ್ಲರೂ ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದರು. ಕಾಕಾ ಒಳಗಿನಿಂದ ಅದನ್ನು ನೋಡುತ್ತಿದ್ದರು.

"ನೀರಿನಲ್ಲಿ ನಡೆಯಿರಿ" ಎಂದಿದ್ದರು ಡಾಕ್ಟರು. ಎದೆಮಟ್ಟದ ನೀರಿನಲ್ಲಿ ಮೈಭಾರ ಮೊಣಕಾಲಿನ ಮೇಲೆ ಅಷ್ಟಾಗಿ ಬೀಳುವುದಿಲ್ಲವಂತೆ. ನಡೆಯದೇ ಕೂತರೆ ಇದ್ದ ಬಲವೂ ಹೋಗುತ್ತದಂತೆ. ಊರಿನ ಈಜುಕೊಳಕ್ಕೆ ಹೋಗಿ ನೋಡಿದ್ದೂ ಆಯಿತು. ಅಲ್ಲಿ ನೀರಿಗಿಳಿಯಲು ನೆಟ್ಟಗೆ ನಿಂತ ಸ್ಟೀಲ್ ಏಣಿ. ಕಾಕು ಒಂದು ಕಾಲಿಟ್ಟರು, ಇನ್ನೊಂದು ಇಡಲಾಗಲಿಲ್ಲ. ಸೆರಗು ಕಚ್ಚಿಕೊಂಡು ತಿರುಗಿ ಬಂದುಬಿಟ್ಟರು.

ಅದಾದ ವಾರವೇ ಕಾಕಾ ಹಿತ್ತಲಲ್ಲಿ ಸುಣ್ಣದ ಪುಡಿ ಹಿಡಿದು ಉದ್ದಕ್ಕೆ ಗೆರೆ ಎಳೆಯುತ್ತಿದ್ದರು.

"ಏನ್ರೀ ಇದು? ಗಂಡಸರೂ ರಂಗೋಲಿ ಹಾಕಾಕ ಸುರು ಮಾಡೀರೇನು?"

"ಈಜುಕೊಳ. ಫೈಬರಿಂದು. ನಿನ್ನ ಸಲುವಾಗಿ."

"ತಲಿ ಸರಿ ಐತೇನ್ರಿ ನಿಮ್ಮದು? ಓಣಿಯಾಗ ಟ್ಯಾಂಕರ್ ಬಂದ್ರ ಕೊಡಕ್ಕ ಕೊಡ ಬಡದಾಡ್ತಾವು. ನಾವು ಹಿತ್ತಲದಾಗ ಕೆರಿ ಕಟ್ಟೂದೇನು? ಮಂದಿ ಏನಂದಾರು?"

ಕಾಕಾ ಉತ್ತರಕ್ಕಾಗಿ ಕಾಂಪೌಂಡಿನ ಈಚೆಗೆ ನೋಡಿದರು. ಈಚೆಗೆ ನಮ್ಮಕ್ಕ ವನಜಾ ಬಟ್ಟೆ ಒಣಗಿಸುತ್ತಿದ್ದಳು. ಅವಳು ಪಟಾನ್‌ಚೆರು ಹತ್ತಿರದ ಫೈಬರ್ ಕಾರ್ಖಾನೆಯಲ್ಲಿ ಎಂಜಿನಿಯರ್. ನೀರಿನ ಟ್ಯಾಂಕು, ಈಜುಕೊಳದ ತೊಟ್ಟಿ ಎಲ್ಲವನ್ನೂ ಅವರು ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದೇ ತುಂಡಾಗಿ ತಯಾರಿಸುತ್ತಾರೆ.

"ಕಾಕು, ದಿನಾ ಚೆಲ್ಲಿ ದಿನಾ ತುಂಬೂದಲ್ಲ ಅದು" ಎಂದಳು ಅಕ್ಕ. "ಒಮ್ಮೆ ತುಂಬಿದ ನೀರನ್ನ ಫಿಲ್ಟರಿನಾಗ ಸೋಸಿ ಸೋಸಿ ವರ್ಷಗಟ್ಟಲೆ ಇಟ್ಕೋಬಹುದು. ಮ್ಯಾಲ ಹೊದಿಕಿ ಹಾಕಿದ್ರ ಬಿಸಿಲಿಗೆ ಆರೂದೂ ಕಮ್ಮಿ. ಟ್ಯಾಂಕರ್ ನೀರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ದೀಪಾವಳಿ ಮುಗೀಲಿ. ಮಳಿ ನಿಂತಿರತೈತಿ, ನಿಮ್ಮ ಬೋರಿನಾಗ ನೀರೂ ಇರತೈತಿ. ಆವಾಗ ಕೂಡಸೂಣು."

"ನೀನೂ ಇವರ ಪಾರ್ಟಿ ಆದೆಲ್ಲವ್ವಾ!" ಎಂದು ಕಾಕು ಒಳಗೆ ಹೋದರು. ಆದರೆ ಸುಣ್ಣದ ಗೆರೆಯನ್ನು ತುಳಿಯದೆ ಬಳಸಿಕೊಂಡು ಹೋದರು.

ಕಾಕಾನ ಕಣ್ಣು ಎಲ್ಲಕ್ಕಿಂತ ದೊಡ್ಡ, ಎಲ್ಲಕ್ಕಿಂತ ಆಳದ ತೊಟ್ಟಿಯ ಮೇಲಿತ್ತು. ಅಕ್ಕ ಬೈದಳು. "ಯಾರ ಸಲುವಾಗಿ ಕಾಕಾ ಅಷ್ಟು ಆಳ? ಮ್ಯಾಲಿಂದ ಜಿಗಿಯಾವ್ರು ನೀವೋ, ಕಾಕುನೋ? ಅವರ ಎದಿಮಟ ನೀರು ಸಾಕು. ಅಗಲ ಮೆಟ್ಟಿಲು ಬೇಕು, ಹಿಡಿಯಾಕ ಕಂಬಿ ಬೇಕು, ಕಾಲು ಜಾರದ ನೆಲ ಬೇಕು. ಬಣ್ಣ ಆಮ್ಯಾಲ ನೋಡೂಣಂತ."

ಹೀಗಾಗಿ ಕಾಕುವನ್ನು ಅಡುಗೆಮನೆಯ ಬಾಗಿಲಿಗೆ ಆನಿಸಿ ನಿಲ್ಲಿಸಿದರು. ಕಾಕಾ ಸೀಮೆಸುಣ್ಣ ಹಿಡಿದು ಅವರ ಎದೆಮಟ್ಟಕ್ಕೆ ಚೌಕಟ್ಟಿನ ಮೇಲೆ ಗೀರು ಹಾಕಿದರು. ಗೀರು ಸೊಟ್ಟಗಾಯಿತು.

"ಮದುವಿ ಕುಬಸದ ಅಳತಿಗೆ ಸುದ್ದಾ ಇಷ್ಟು ತ್ರಾಸ ತಗೊಂಡಿರಲಿಲ್ಲ ಯಾರೂ" ಎಂದು ಕಾಕು ಮುಖ ತಿರುಗಿಸಿದರು. ಕಿವಿ ಕೆಂಪಾಗಿತ್ತು.

ತೊಟ್ಟಿ ಆರಿಸಲು ಅಕ್ಕನೇ ಕರೆದುಕೊಂಡು ಹೋದಳು. ಒಳಮೈ ಮೇಲೆ ಅಂಗೈ ಆಡಿಸಿ ನೋಡಬೇಕು, ಗುಳ್ಳೆ, ಬಿರುಕು, ತರಿ ಇರಬಾರದು. ಗೋಡೆಯನ್ನು ಒತ್ತಿದರೆ ಡಬ್ಬದ ಹಾಗೆ ಒಳಗೆ ಹೋಗಬಾರದು. ಗ್ಯಾರಂಟಿಯನ್ನು ಬಾಯಿಮಾತಿನಲ್ಲಿ ಬಿಡಬಾರದು, ಬರೆಸಿಕೊಳ್ಳಬೇಕು. ಇನ್ನೊಂದು ಮಾತು ಕಾಕಾನ ತಲೆಗೆ ಹೊಳೆದೇ ಇರಲಿಲ್ಲ. ತೊಟ್ಟಿ ಮಡಚುವ ಹಾಸಿಗೆಯಲ್ಲ, ಇಡಿಯಾಗಿ ಬರುತ್ತದೆ. ಓಣಿಯಲ್ಲಿ ಲಾರಿ ತಿರುಗುತ್ತದೆಯೇ, ಕ್ರೇನ್ ನಿಲ್ಲಲು ಜಾಗವಿದೆಯೇ, ಮೇಲೆ ಕರೆಂಟಿನ ತಂತಿ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಬೇಕು. ಮುನಿಸಿಪಾಲಿಟಿಯ ಅನುಮತಿಯೂ ಬೇಕು.

ದೀಪಾವಳಿ ಮುಗಿಯಿತು. ಗುಂಡಿ ತೋಡುವುದು ಸುಲಭವಾಗಲಿಲ್ಲ. ಹೈದರಾಬಾದಿನ ನೆಲವಲ್ಲವೇ, ಸ್ವಲ್ಪ ಅಗೆದರೆ ಬಂಡೆ ಹಲ್ಲು ಕಿರಿಯುತ್ತದೆ. ತೊಟ್ಟಿ ಬಂದ ದಿನ ಕರೆಂಟಿನವರಿಗೆ ಹೇಳಿ ಲೈನ್ ಬಂದ್ ಮಾಡಿಸಿದ್ದರು. ಕ್ರೇನು ಅದನ್ನು ಮನೆಯ ಮೇಲಿಂದ ಎತ್ತಿತು. "ಅಮ್ಮಾ, ಪಕ್ಕಕಿ ಜರಗಂಡಿ!" ಎಂದು ಕ್ರೇನಿನವನು ಕೂಗಿದ. ಕಾಕು ಪಕ್ಕಕ್ಕೆ ಸರಿಯುವುದನ್ನೂ ಮರೆತು, ತಲೆಯ ಮೇಲೆ ತೂಗುತ್ತಿದ್ದ ಅದನ್ನೇ ನೋಡುತ್ತಿದ್ದರು. "ಯವ್ವಾ, ಭೀಮಸೇನನ ತೊಟ್ಲಿದ್ದಂಗ ಐತಲ್ಲ!"

ಸಮ ಮಾಡಿದ ಜಲ್ಲಿಯ ಹಾಸಿನ ಮೇಲೆ ತೊಟ್ಟಿ ಕೂತಿತು. ಒಳಗೆ ನೀರು ಏರಿದಂತೆಲ್ಲ ಹೊರಗೆ ಅಷ್ಟಷ್ಟೇ ಜಲ್ಲಿ ತುಂಬಿಸಿದರು. ಒಂದು ಕಡೆಯ ಒತ್ತಡ ಹೆಚ್ಚಾದರೆ ಗೋಡೆ ಬಾಗುತ್ತದೆ. ತೊಟ್ಟಿಯ ಪಕ್ಕ ತಳದ ತನಕ ಒಂದು ದಪ್ಪ ಪೈಪ್ ಇಳಿಸಿದರು. ಮಣ್ಣಿನೊಳಗೆ ನೀರು ಎಷ್ಟು ನಿಂತಿದೆ ಎಂದು ಇಣುಕಿ ನೋಡಲು, ಹೆಚ್ಚಾದರೆ ಮೋಟಾರಿನಿಂದ ತೆಗೆಯಲು ಅದು. ಸುತ್ತಲೂ ಬೇಲಿ, ಮಕ್ಕಳ ಕೈಗೆ ಎಟುಕದ ಚಿಲಕ. ಬೇಲಿ ಆಗುವ ತನಕ ಅಕ್ಕ ಯಾರನ್ನೂ ನೀರಿಗೆ ಬಿಡಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಕಾಕು ನನ್ನ ಹಳೆಯ ಚೂಡಿದಾರ ತೊಟ್ಟು, ಹೊರಗಿನವರು ಯಾರೂ ನೋಡುತ್ತಿಲ್ಲವಲ್ಲ ಎಂದು ಸುತ್ತ ನೋಡಿ, ಕಂಬಿ ಹಿಡಿದು ಮೆಟ್ಟಿಲಿಳಿದರು. ಎದೆಮಟ್ಟ ನೀರಿಗೆ ಬಂದು ನಿಂತರು. ಒಂದು ಹೆಜ್ಜೆ. ಇನ್ನೊಂದು.

"ಅಯ್ಯ, ನನ್ನ ಕಾಲು ಎಲ್ಲಿ ಹೋದ್ವೇ ವನಜಾ? ಭಾರನ ಇಲ್ಲಲ್ಲ!"

ದಂಡೆಯ ಮೇಲೆ ಟವಲ್ ಹಿಡಿದು ನಿಂತಿದ್ದ ಕಾಕಾ ಆ ಟವಲಿನಿಂದಲೇ ಕಣ್ಣೊರೆಸಿಕೊಂಡರು.

ಮಳೆಗಾಲದ ಹೊತ್ತಿಗೆ ಕಾಕು ಸಂಜೆ ಹೆಂಗಸರ ಜೊತೆ ತಿರುವಿನ ತನಕ ಹೋಗಿ ಬರುತ್ತಿದ್ದರು. ಆಗ ಗ್ರಹಣ ಬಂತು.

ಅಮಾವಾಸ್ಯೆಯ ಬೆಳಗಿನ ಸೂರ್ಯಗ್ರಹಣ. ನಮ್ಮ ಕಡೆ ಗ್ರಹಣ ಬಿಟ್ಟ ಮೇಲೆ ಮನೆಯಲ್ಲಿ ಹಿಡಿದಿಟ್ಟ ನೀರನ್ನೆಲ್ಲ ಚೆಲ್ಲುತ್ತಾರೆ. ಕೊಡ, ಹಂಡೆ, ಡ್ರಮ್ಮು, ಎಲ್ಲ ತೊಳೆದು ಹೊಸ ನೀರು ತುಂಬುತ್ತಾರೆ. ಕಾಕು ಎಲ್ಲ ಮುಗಿಸಿ ಹಿತ್ತಲಿಗೆ ಬಂದು ಕೊಳದ ಮುಂದೆ ನಿಂತರು.

"ಇದು ಗ್ರಹಣ ಹಿಡಿದ ನೀರು. ಇದರಾಗ ನಾ ಕಾಲಿಡಾಂಗಿಲ್ಲ."

"ಅಷ್ಟ ಹೌದಿಲ್ಲ? ಚೆಲ್ಲಿ ತುಂಬಿದ್ರಾತು. ಮಳಿಗಾಲ, ನೀರಿಗೇನು ಬರ?" ಎಂದು ಕಾಕಾ ಮೋಟಾರು ಹಚ್ಚಿಯೇಬಿಟ್ಟರು.

ಅಕ್ಕ ಬಸ್ಸಿಗೆ ಹೊರಟಿದ್ದಳು. ಮೋಟಾರಿನ ಸದ್ದು ಕೇಳಿ, ನೀರು ಗಟಾರಕ್ಕೆ ಹರಿಯುವುದನ್ನು ಕಂಡು, ಬ್ಯಾಗ್ ಹೆಗಲಲ್ಲಿರುವಂತೆಯೇ ಓಡಿದಳು. "ಕಾಕಾ, ಬಂದ್ ಮಾಡ್ರಿ! ಮೊದಲ ಬಂದ್ ಮಾಡ್ರಿ!"

ನೀರು ಒಂದು ಮೆಟ್ಟಿಲು ಕೆಳಗಿಳಿದಿತ್ತು. ಅಕ್ಕ ತೊಟ್ಟಿಯ ಪಕ್ಕದ ಪೈಪಿನೊಳಗೆ ಇಣುಕಿದಳು. ವಾರದಿಂದ ಸುರಿದ ಮಳೆಗೆ ಮಣ್ಣಿನೊಳಗಿನ ನೀರು ಮೇಲೆ ಬಂದು ನಿಂತಿತ್ತು.

"ಖಾಲಿ ಮಾಡಿದ್ರೇನಾಗ್ತಿತ್ತು?" ಎಂದರು ಕಾಕಾ. ದನಿಯಲ್ಲಿ ಸಿಟ್ಟಿತ್ತು, ಅಂಜಿಕೆಯೂ ಇತ್ತು.

ಅಕ್ಕ ಒಂದು ಖಾಲಿ ಕೊಡ ತಂದು, ತುಂಬಿದ ಡ್ರಮ್ಮಿನಲ್ಲಿ ಒತ್ತಿದಳು. "ಕಾಕಾ, ಇದನ್ನ ಒತ್ತಿ ಹಿಡೀರಿ." ಕಾಕಾ ಎರಡೂ ಕೈಯಿಂದ ಒತ್ತಿದರು. ಕೊಡ ಜಾರಿ ಛಂಗನೆ ಮೇಲೆ ಹಾರಿ ಅವರ ಧೋತರ ತೋಯಿಸಿತು.

"ನಿಮ್ಮ ಕೊಳಾನೂ ಒಂದು ಕೊಡನ. ಹೊರಗ ನೀರು ನಿಂತಿರುವಾಗ ಒಳಗಿಂದು ಖಾಲಿ ಮಾಡಿದ್ರ, ನೆಲ ಸೀಳಿ ದೋಣಿ ಹಂಗ ಮ್ಯಾಲ ಬರತೈತಿ. ಪೈಪ್ ಮುರೀತಾವು, ತೊಟ್ಟಿ ಸೀಳತೈತಿ. ಒಳಗಿನ ನೀರ ಅದನ್ನ ಹಿಡಿದು ಕೂಡ್ಸೈತಿ."

ಕಾಕು ಕಟ್ಟೆಯ ಮೇಲೆ ಕೂತರು. "ಹಂಗಾರ ಇರಲಿ ಬಿಡು. ನಾ ಇಳಿಯಾಂಗಿಲ್ಲ. ಕಾಲು ಹೆಂಗರ ಆಗ್ಲಿ."

ಕಾಕಾ ಅವರ ಪಕ್ಕ ಕೂತರು. "ಶಾರದಾ, ನಿನ್ನ ನಂಬಿಕಿ ಬಿಡು ಅಂತ ನಾ ಯಾವತ್ತೂ ಅಂದಾಂವಲ್ಲ. ಆದ್ರ ನೀ ಮತ್ತ ಗೇಟ್ ಹಿಡಕೊಂಡು ನಿಲ್ಲೂದನ್ನ ನೋಡಾಕ ನನ್ನ ಕೈಲೆ ಆಗಾಂಗಿಲ್ಲ ನೋಡು."

ಕಾಕು ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ ತಮಗೆ ತಾವೇ ಹೇಳಿಕೊಂಡಂತೆ ಅಂದರು: "ನಮ್ಮ ತವರಿನಾಗ ಗ್ರಹಣ ಬಿಟ್ಟ ಕೂಡ್ಲೆ ಕೊಡದಾನ ನೀರು ಚೆಲ್ತಿದ್ವಿ. ಹೊಸ ನೀರು ಬಾವಿಯಿಂದ ತರ್ತಿದ್ವಿ." ತಟ್ಟನೆ ಕಾಕಾನ ಕಡೆ ತಿರುಗಿದರು. "ಬಾವಿಗೂ ಅದ ಗ್ರಹಣ ಹಿಡಿದಿರತಿತ್ತಲ್ಲರೀ! ಬಾವಿ ಯಾರು ಚೆಲ್ತಾರು? ನಮ್ಮವ್ವ ನಾಕು ಎಳಿ ಗರಿಕಿ ಹಾಕಿ ಕೈ ಮುಗೀತಿದ್ಲು, ಮುಗೀತು."

"ಹಂಗಾರ ಇದು?" ಎಂದರು ಕಾಕಾ, ಕೊಳದ ಕಡೆ ಕೈ ತೋರಿಸಿ.

"ನೆಲದಾಗ ಹುಗಿದದ್ದು ಬಾವೀನ. ಮತ್ತೇನು?"

ಕಾಕು ತಾವೇ ಹೋಗಿ ಗರಿಕೆ ಕಿತ್ತು ತಂದು ನೀರಿನ ಮೇಲೆ ಬಿಟ್ಟು ಕೈ ಮುಗಿದರು. ಅಕ್ಕನೂ ಕೈ ಮುಗಿದಳು. "ಆಮ್ಯಾಲ ಅದನ್ನ ಆರಿಸಿ ತೆಗೀರಿ ಕಾಕು, ಫಿಲ್ಟರಿನಾಗ ಸಿಕ್ಕೊಂತೈತಿ" ಎಂದಾಗ ಕಾಕು ಅವಳ ಬೆನ್ನಿಗೊಂದು ಗುದ್ದಿದರು.

ಅವತ್ತು ಅಕ್ಕನ ಬಸ್ ತಪ್ಪಿತು. ಪಕ್ಕದ ಪೈಪಿನಿಂದ ಮಣ್ಣಿನ ನೀರನ್ನು ಹೊರಗೆ ತೆಗೆದರು, ಕೊಳಕ್ಕೆ ಕಡಿಮೆಯಾದ ನೀರನ್ನು ಮತ್ತೆ ತುಂಬಿದರು. ಸಂಜೆ ಕಾಕು ಮೆಟ್ಟಿಲಿಳಿದು ಕೊಳದ ನಡುವಿನ ತನಕ ಹೋಗಿ ತಿರುಗಿ ನೋಡಿದರು.

"ದಂಡಿಮ್ಯಾಗ ನಿಂತು ಎಷ್ಟು ದಿನ ಟವಲ್ ಹಿಡೀತೀರಿ? ಬರ್ರಿ."

"ನನಗ ನೀರಂದ್ರ ಹೆದರಿಕಿ ಅಂತ ಗೊತ್ತಿಲ್ಲೇನು ನಿನಗ?"

"ನಾ ಅದೀನಲ್ಲ, ಬರ್ರಿ. ಎದಿಮಟನ ಐತಿ."

ಕಾಕಾ ಧೋತರ ಎತ್ತಿ ಕಟ್ಟಿ ಕಂಬಿ ಹಿಡಿದರು. ಕಾಕು ಕೈ ಚಾಚಿದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ಇಂಥ ಕೊಳ ಮಾಡಿಸುವ ಮನಸ್ಸಿದ್ದರೆ ಮೊದಲು ಯಾರು ಅದರಲ್ಲಿ ಇಳಿಯುತ್ತಾರೋ ಅವರನ್ನು ಬಾಗಿಲಿಗೆ ನಿಲ್ಲಿಸಿ ಅಳೆಯಿರಿ. ಮೆಟ್ಟಿಲು ನೋಡಿ, ಓಣಿ ನೋಡಿ, ನೆಲದ ನೀರು ನೋಡಿ. ಬೇಲಿ ಆಗುವ ತನಕ ಮಕ್ಕಳನ್ನು ಹತ್ತಿರ ಬಿಡಬೇಡಿ. ಹಬ್ಬಕ್ಕಾಗಲಿ ಗ್ರಹಣಕ್ಕಾಗಲಿ ಕೊಳವನ್ನು ನೀವಾಗಿ ಖಾಲಿ ಮಾಡಬೇಡಿ, ಬಲ್ಲವರನ್ನು ಕೇಳಿ. ಮನೆಯಲ್ಲಿ ಯಾರಾದರೂ ಬೇಡ ಎಂದರೆ ಅವರ ಮೇಲೆ ಸಿಟ್ಟಾಗಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಅವರಿಗೂ ಒಂದು ಬಾವಿ ನೆನಪಿಗೆ ಬರುತ್ತದೆ.