ಮೇಲಿನ ಕೇರಿಯ ತಿರುವು

"ಹಿಂದೆ ಬಿಡಿ, ಇನ್ನೂ ಸ್ವಲ್ಪ ಹಿಂದೆ" ಎಂದು ಚುನ್‌ಸಿಕ್ ಕೈಬೀಸುತ್ತಿದ್ದ. ಅವನ ಅಣ್ಣನ ಹೆಣ ಹೊತ್ತ ಬಸ್ಸು ಕೊರಿಯಾದ ಬುಸಾನಿನ ಗುಡ್ಡದ ನೆತ್ತಿಯಲ್ಲಿ, ಲಾಂಡ್ರಿ ಅಂಗಡಿಯೆದುರಿನ ಅಂಗೈಯಗಲದ ಜಾಗದಲ್ಲಿ ತಿರುಗಲು ಒದ್ದಾಡುತ್ತಿತ್ತು. ಕಪ್ಪು ಬಟ್ಟೆಯ ನೆಂಟರು ಒಳಗೆ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಹಿಂಭಾಗದ ಹೆಣದ ಗೂಡಿನಲ್ಲಿ ಅಣ್ಣ ಮಾನ್‌ಸೊಕ್ ನಿಶ್ಚಿಂತೆಯಿಂದ ಮಲಗಿದ್ದ. ಅವನ ಹೆಂಡತಿ ಓಕ್‌ಬುನ್ ಎಲ್ಲರಿಗಿಂತ ಮೊದಲೇ ಇಳಿದು ಜಾಗದ ಅಂಚಿಗೆ ಹೋಗಿ ನಿಂತಿದ್ದಳು. ಅವಳ ಕಣ್ಣು ಹಿಂದಿನ ಗಾಲಿಗಳ ಮೇಲೇ ಇತ್ತು.

ಸುಡಲು ಒಯ್ಯುವ ಮುಂಚೆ ಸತ್ತವನು ಬಾಳಿದ ಕೇರಿಯಲ್ಲಿ ಬಸ್ಸು ನಿಲ್ಲಿಸಿ, ದಾರಿಯಲ್ಲೇ ಎಡೆಯಿಟ್ಟು ಬೀಳ್ಕೊಡುವುದು ರೂಢಿ. ಇಷ್ಟು ದೊಡ್ಡ ಗಾಡಿ ಮೇಲೆ ತಿರುಗುವುದಿಲ್ಲ, ಕೆಳಗೆ ಸಂತೆಬೀದಿಯಲ್ಲೇ ಮುಗಿಸೋಣ ಎಂದು ಡ್ರೈವರ್ ಹೇಳಿದ್ದ. ಓಕ್‌ಬುನ್ ಕೂಡ ಹಾಗೇ ಮಾಡೋಣ ಎಂದಳು. ಚುನ್‌ಸಿಕ್ ಕೇಳಬೇಕಲ್ಲ. ಸಂತೆಗೆ ಬಂದು ವಾಪಸು ಹೋಗುವ ಬಸ್ಸನ್ನು ಮೇಲಿನ ಕೇರಿಗಳಿಗೂ ಕಳಿಸಿ ಎಂದು ಅಣ್ಣ ವರ್ಷಗಟ್ಟಲೆ ಕಚೇರಿ ಅಲೆದಿದ್ದ, ಅಲ್ಲಿಯವರೂ ಪ್ರತಿಸಲ ಮೇಲೆ ಗಾಡಿ ತಿರುಗುವುದಿಲ್ಲ ಎಂಬ ಇದೇ ಮಾತು ಹೇಳಿ ಕಳಿಸಿದ್ದರು. ಸಾವಿಗೆಂದು ಬಂದು ಖಾರದ ಸಾರು ಹೀರುತ್ತಿದ್ದ ನಗರಸಭೆಯ ಸದಸ್ಯ ಪ್ಯೋನ್‌ನನ್ನು ಅವನು ತೋಳು ಹಿಡಿದು ಬಸ್ಸು ಹತ್ತಿಸಿದ.

"ಕಣ್ಣಾರೆ ನೋಡಿ ಸಾರ್. ತಿರುಗಿದ್ರೆ ಸೋಮವಾರ ಸಭೇಲಿ ನೀವು ಬಸ್ಸಿನ ಪರ ಕೈಯೆತ್ತಬೇಕು."

ಹೆಣದ ಮುಂದೆ ಇಲ್ಲವೆನ್ನಲಾರದೆ ಪ್ಯೋನ್ ತಲೆಯಾಡಿಸಿದ್ದ.

*

ಹೋದ ಮಳೆಗಾಲದಲ್ಲಿ ಬಸ್ಸು ತಿರುಗಬೇಕಾದ ಆ ಜಾಗದ ಅಂಚು ಉದ್ದಕ್ಕೂ ಬಿರುಕು ಬಿಟ್ಟಿತ್ತು. ಅಂಚಿನ ಕೆಳಗೆ ಹಳೆಯ ಕಲ್ಲುಗೋಡೆ, ಗೋಡೆಯ ಬುಡದಲ್ಲಿ ಸಾಲಾಗಿ ತಗಡಿನ ಮನೆಗಳು. ಕಚೇರಿಯವರು ದಾರಿ ನೋಡಲು ಬರುವ ಮುನ್ನಾದಿನ ಬಿರುಕು ಮುಚ್ಚಲು ಮಾನ್‌ಸೊಕ್ ಸಿಮೆಂಟು ಕಲಸಿದ. ಬಾಳೆಲ್ಲ ಗಾರೆ ಕೆಲಸ ಮಾಡಿದವನು. ಓಕ್‌ಬುನ್ ನೀರು ಹೊಯ್ದಳು.

"ಮೇಲ್ಮೇಲೆ ಮುಚ್ಚಿದ ಹಾಗಾಯ್ತು. ಒಳಗೇನು ಗತಿ?" ಎಂದು ಕೇಳಿದಳು.

ಅವನು ಕರಣೆಯಿಂದ ಸವರುತ್ತಲೇ ಇದ್ದ. "ಬಸ್ಸಿಲ್ಲದ ದಾರಿಗೆ ಯಾವನೇ ಹೊಸ ಗೋಡೆ ಕಟ್ಟಿಸ್ತಾನೆ? ಮೊದಲು ಬಸ್ಸು ಬರ್ಲಿ. ಗೋಡೆ ಅದರ ಹಿಂದೇನೇ ಬರುತ್ತೆ."

"ಬರೋದ್ರೊಳಗೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ ಬಿಡು."

ಅವಳು ಬಿಟ್ಟಳು. ಗಂಡ ಮೊಂಡನೇ, ಆದರೆ ಆ ಹಟ ಸ್ವಂತಕ್ಕಲ್ಲ ಎಂದು ಅವಳಿಗೆ ಗೊತ್ತಿತ್ತು. ಮೊಣಕಾಲು ಹೋದ ಮುದುಕಿಯರು ಸಂತೆಯನ್ನೂ ಆಸ್ಪತ್ರೆಯನ್ನೂ ಕಾಣದೆ ಮೇಲೆಯೇ ಕೂತುಬಿಟ್ಟಿದ್ದರು. ಮೊನ್ನೆ ಅವರಲ್ಲೊಬ್ಬಳ ಅಕ್ಕಿಮೂಟೆ ಹೊತ್ತು ಮೆಟ್ಟಿಲು ಹತ್ತುವಾಗಲೇ ಅವನು ಎದೆ ಹಿಡಿದುಕೊಂಡು ಕುಸಿದದ್ದು.

*

ಬಸ್ಸು ತಿರುಗಿತು. ಸೂತಕ ಮರೆತು ಜನ ಚಪ್ಪಾಳೆ ತಟ್ಟಿದರು. ಚಾಪೆ ಹಾಸಿ, ಫೋಟೋದ ಮುಂದೆ ಒಣಮೀನು ಇಟ್ಟು, ಸೋಜು ಮದ್ಯ ಎರೆದ ಚುನ್‌ಸಿಕ್ ನೆಲಕ್ಕೆ ಹಣೆಯಿಟ್ಟು ಮಗುವಿನಂತೆ ಅತ್ತ. "ಅಣ್ಣಾ, ತಿರುಗ್ತು ನೋಡೋ."

ಓಕ್‌ಬುನ್ ಚಾಪೆಯ ಹತ್ತಿರ ಬರಲಿಲ್ಲ. ಗಾಲಿ ಅಂಚಿಗೆ ಬಂದಾಗ ನೆಲದೊಳಗೆ ಒಣಸೌದೆ ಮುರಿದಂಥ ಸದ್ದಾದದ್ದು ಅವಳಿಗೆ ಕೇಳಿಸಿತ್ತು. ಗಂಡ ಸವರಿದ ಸಿಮೆಂಟು ಬಾಯಿಬಿಟ್ಟಿತ್ತು, ಮುಷ್ಟಿ ಹೋಗುವಷ್ಟು. ಕೆಳಗಿನ ತಗಡಿನ ಮೇಲೆ ಸಣ್ಣ ಕಲ್ಲುಗಳು ಟಕಟಕ ಬೀಳುತ್ತಿದ್ದವು. ಈಗಲೇ ಹೇಳಿಬಿಡಬೇಕು ಎಂದು ಮೈದುನನ ಕಡೆ ತಿರುಗಿದಳು.

ಅಷ್ಟರಲ್ಲಿ ಗೋಡೆಯ ಬುಡದ ಮನೆಯಿಂದ ಸುನ್‌ನಿಮ್ ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ತುಟಿಗೆ ಬಣ್ಣ ಹಚ್ಚಿದ್ದಳು, ಕೈಯಲ್ಲಿ ಚೀಲ. ಬಸ್ಸು ಆಸ್ಪತ್ರೆಗೆ ಹೋಗುತ್ತದೆಯೇ ಎಂದು ಕೇಳಿದಳು.

"ಇದು ಹೆಣದ ಬಸ್ಸು ಅಜ್ಜಿ, ನಿಮಗ್ಯಾಕೆ ಇಷ್ಟು ಅವಸರ?" ಎಂದ ಡ್ರೈವರ್.

"ಯಾವುದಾದ್ರೇನಪ್ಪ, ಇಲ್ಲೀತನಕ ಬಂತಲ್ಲ. ಇನ್ಮೇಲೆ ದಿನಾ ಬರುತ್ತಾ?"

ಸೋಮವಾರ ತಾನೇ ಮಾತಾಡುವುದಾಗಿ ಪ್ಯೋನ್ ಹೇಳಿದ. ಅಜ್ಜಿ ಓಕ್‌ಬುನ್‌ಳ ಕೈ ಹಿಡಿದುಕೊಂಡಳು. ಮುದುಕಿಯ ಕಣ್ಣು ತುಂಬಿತ್ತು. "ನಿನ್ನ ಗಂಡ ಹೇಳಿದ ಹಾಗೇ ಮಾಡಿಬಿಟ್ಟ ಕಣೆ."

ಓಕ್‌ಬುನ್ ತೆರೆದ ಬಾಯಿ ಮುಚ್ಚಿದಳು. ಅಜ್ಜಿಯ ಕೈ ಬಿಡಿಸಿಕೊಂಡು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬಿರುಕಿನ ಮೇಲೆಯೇ ನಿಂತಳು. ಸೂತಕದ ಕಪ್ಪು ಲಂಗ ಅದನ್ನು ಮುಚ್ಚಿತು.

ಪ್ಯೋನ್ ಮೊಬೈಲು ತೆಗೆದ. ಸಭೆಯವರಿಗೆ ತೋರಿಸಲು ವಿಡಿಯೋ ಬೇಕಾಗುತ್ತದೆ, ಇನ್ನೊಂದು ಸಲ ತಿರುಗಿಸಿ ಎಂದ. ಡ್ರೈವರಿಗೆ ಈಗ ಎಲ್ಲಿಲ್ಲದ ಹುರುಪು. ಬಸ್ಸು ಗುಡುಗಿತು.

"ಅತ್ತಿಗೆ, ಸ್ವಲ್ಪ ಈಚೆ ಬನ್ನಿ" ಎಂದು ಚುನ್‌ಸಿಕ್ ಕೂಗಿದ. "ಗಾಡಿ ಹಿಂದೆ ಬರ್ತಿದೆ."

ಓಕ್‌ಬುನ್‌ಳ ರಬ್ಬರ್ ಮೆಟ್ಟಿನಡಿ ನೆಲ ಮೆಲ್ಲಗೆ ಕುಸಿಯುತ್ತಿತ್ತು. ಮಾನ್‌ಸೊಕ್ ಮಲಗಿದ್ದ ಗೂಡಿನ ಬಾಗಿಲು ಅವಳ ಎದೆಯ ಮಟ್ಟಕ್ಕೆ, ಹತ್ತಿರ, ಇನ್ನೂ ಹತ್ತಿರ ಬರುತ್ತಿತ್ತು. ಓಕ್‌ಬುನ್ ಕದಲಲಿಲ್ಲ, ಎರಡೂ ಕೈಯಲ್ಲಿ ಲಂಗವನ್ನು ಇನ್ನಷ್ಟು ಅಗಲಕ್ಕೆ ಹರಡಿ ಹಿಡಿದಳು.